ಪ್ರೆಸ್ ಕಾರ್ಡ್ ಇಲ್ಲ, ಪತ್ರಿಕೋದ್ಯಮ ಓದಿಲ್ಲ. ನಾನು ಬ್ಲಾಗಿನಲ್ಲಿ ಬರೆಯುವುದು ಸುದ್ದಿ ಅಲ್ವಾ?

ನೀರಿನ ಲೆಕ್ಕ:

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಒಂದು ಪ್ರಶ್ನೆ ತಲೆ ಕೊರೆಯುತ್ತಿದೆ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಓದಿ ಹೇಳಿ.

ನಮ್ಮದು ಬಯಲುಸೀಮೆ. ತಾಲ್ಲೂಕು ಆಫೀಸಿನ ಎದುರು ನನ್ನ ಜೆರಾಕ್ಸ್ ಅಂಗಡಿ. ಪಹಣಿ, ಆಧಾರ್, ಪಿಂಚಣಿ ಅಂತ ಬರುವವರಿಗೆ ಅರ್ಜಿ ಟೈಪ್ ಮಾಡಿಕೊಡುತ್ತೇನೆ. ಓದಿದ್ದು ಬಿ.ಎಸ್ಸಿ. 2021ರಲ್ಲಿ ಮಗಳಿಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂತು. ಅದರ ಮೇಲೆ ಕಂದು ಗೆರೆ. ಹಲ್ಲಿನ ಡಾಕ್ಟರು ನೋಡಿ, "ಬೋರ್ ನೀರು ಕುಡೀತೀರಾ? ಫ್ಲೋರೈಡ್ ಇರಬೇಕು" ಅಂದರು. ನಮ್ಮತ್ತೆಯ ಮಂಡಿ ಬಾಗಿರುವುದು ವಯಸ್ಸಿಗೆ ಅಂತ ಅಲ್ಲಿವರೆಗೆ ಅಂದುಕೊಂಡಿದ್ದೆವು. ಅವತ್ತು ರಾತ್ರಿ ಅವರು ಗೋಡೆ ಹಿಡಿದುಕೊಂಡು ಎದ್ದಾಗ ನನಗೆ ಊಟ ಸೇರಲಿಲ್ಲ.

ಒಂದು ಟೆಸ್ಟ್ ಕಿಟ್ ತರಿಸಿದೆ. ನೀರಿಗೆ ಅದರ ದ್ರಾವಣ ಹಾಕಿದರೆ ಗುಲಾಬಿ ಬಣ್ಣ. ಫ್ಲೋರೈಡ್ ಜಾಸ್ತಿ ಇದ್ದಷ್ಟೂ ಹಳದಿಗೆ ತಿರುಗುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದ ಕಡೆ 1.5ರವರೆಗೆ ನಡೆಯುತ್ತದೆ ಅನ್ನುವುದು ನಮ್ಮ ದೇಶದ ಮಾನದಂಡ. ನಮ್ಮ ಹೋಬಳಿಯಲ್ಲಿ 23 ಶುದ್ಧ ನೀರಿನ ಘಟಕಗಳಿವೆ. ಐದು ರೂಪಾಯಿ ಕಾಯಿನ್ ಹಾಕಿದರೆ 20 ಲೀಟರ್ ಕ್ಯಾನ್ ತುಂಬುವಂಥವು. ಭಾನುವಾರ ಸ್ಕೂಟಿ ಹತ್ತಿ ಎರಡು ಮೂರು ಊರು ಸುತ್ತುತ್ತೇನೆ. ಘಟಕದ ನೀರು, ಪಕ್ಕದ ಬೋರಿನ ನೀರು, ಎರಡನ್ನೂ ನೋಡುತ್ತೇನೆ. ತಾರೀಕು, ಹೊತ್ತು, ಬಂದ ಬಣ್ಣ ಎಲ್ಲ ನೋಟ್‌ಬುಕ್‌ನಲ್ಲಿ ಬರೆದು, ಆ ಪುಟದ ಫೋಟೋ ಸಮೇತ ಬ್ಲಾಗಿಗೆ ಹಾಕುತ್ತೇನೆ. ಘಟಕ ನೋಡಿಕೊಳ್ಳುವವರ ಮಾತನ್ನೂ ಕೇಳಿ ಹಾಕುತ್ತೇನೆ. ನಾಲ್ಕು ವರ್ಷ ಆಯಿತು. ಓದುವವರು ನಮ್ಮ ಸುತ್ತಮುತ್ತಲಿನ ಜನ, ಬೆಂಗಳೂರಿಗೆ ಕೆಲಸಕ್ಕೆ ಹೋದ ಅವರ ಮಕ್ಕಳು.

ಮೂರು ವಾರದ ಹಿಂದೆ ಘಟಕಗಳ ನಿರ್ವಹಣೆ ಬಗ್ಗೆ ಪತ್ರಿಕಾಗೋಷ್ಠಿ ಇತ್ತು. 23ರಲ್ಲಿ 8 ಕೆಟ್ಟು ನಿಂತಿವೆ. ಆ ಎಂಟರ ಹೆಸರು, ನಿಂತ ತಾರೀಕು ಬರೆದುಕೊಂಡು ಹೋದೆ. ಬಾಗಿಲಲ್ಲೇ ಕೇಳಿದರು, "ಯಾವ ಪೇಪರ್? ಕಾರ್ಡ್ ಎಲ್ಲಿ?" ಬ್ಲಾಗ್ ಅಂದೆ. "ಬ್ಲಾಗ್ ಎಲ್ಲಾ ಪ್ರೆಸ್ ಅಲ್ಲ ಮೇಡಂ, ಆಚೆ ಇರಿ" ಅಂದರು. ಮೈಕಿಗೆ ಲೋಗೋ ಹಾಕಿಕೊಂಡು ಬಂದಿದ್ದ ಇಬ್ಬರು ಹುಡುಗರನ್ನು ಏನೂ ಕೇಳದೆ ಒಳಗೆ ಬಿಟ್ಟರು. ನಾನು ಒಂದು ಗಂಟೆ ವರಾಂಡದಲ್ಲಿ ನಿಂತಿದ್ದೆ. ಮಾರನೇ ದಿನ ಪೇಪರಿನಲ್ಲಿ ಬಂದದ್ದು, ಎಲ್ಲ ಘಟಕಗಳೂ ಸುಸ್ಥಿತಿಯಲ್ಲಿವೆ ಅಂತ. ಒಳಗೆ ಕೂತವರಲ್ಲಿ ಯಾರೂ ಆ ಎಂಟು ಊರಿನ ಹೆಸರು ಎತ್ತಲಿಲ್ಲ. ಅದು ನನಗೆ ಜಾಸ್ತಿ ನೋವಾದದ್ದು.

ಈಗ ಒಬ್ಬ ವಾರಪತ್ರಿಕೆಯವರು 6,000 ರೂಪಾಯಿ ಕೊಟ್ಟರೆ ವರದಿಗಾರ್ತಿ ಅಂತ ಕಾರ್ಡ್, ಗಾಡಿಗೆ ಸ್ಟಿಕ್ಕರ್ ಎರಡೂ ಕೊಡುತ್ತೇನೆ ಅನ್ನುತ್ತಿದ್ದಾರೆ. ನಮ್ಮ ಭಾವ, ಅದೆಲ್ಲ ಬೇಡ, ಮುಕ್ತ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಎಂ.ಎ. ಕಟ್ಟು, ಆಗ ಯಾರೂ ಮಾತಾಡಲ್ಲ ಅನ್ನುತ್ತಾರೆ. ಓದೋಕೆ ನನಗೆ ಬೇಜಾರಿಲ್ಲ. ಆದರೆ ಅಲ್ಲಿವರೆಗೆ ನಾನು ಬರೆಯುವುದು ಏನು? ಡಿಗ್ರಿಯೋ ಕಾರ್ಡೋ ಇಲ್ಲದೆ ನಾನು ಪತ್ರಕರ್ತೆ ಅಂತ ಹೇಳಿಕೊಂಡರೆ ಅದು ಸುಳ್ಳಾಗುತ್ತದಾ?

ಹಳೇ ಡೆಸ್ಕ್:

ಅಮ್ಮ, 32 ವರ್ಷ ಪತ್ರಿಕೆಯ ಡೆಸ್ಕ್‌ನಲ್ಲಿ, ಅಂದರೆ ಬಂದ ಸುದ್ದಿ ತಿದ್ದುವ ಕಡೆ, ಕೂತು ನಿವೃತ್ತನಾದವನು ನಾನು. ಸುಳ್ಳಾಗುವುದಿಲ್ಲ. ಮೊದಲು ಅದನ್ನು ಮನಸ್ಸಿಂದ ತೆಗೆದುಹಾಕಿ.

ಕನ್ನಡದ ಮೊದಲ ಪತ್ರಿಕೆ ಮಂಗಳೂರು ಸಮಾಚಾರ. 1843ರ ಜುಲೈ 1ಕ್ಕೆ ಹೊರಬಂತು. ಅದಕ್ಕೇ ಜುಲೈ 1ನ್ನು ನಾವು ಪತ್ರಿಕಾ ದಿನ ಅಂತ ಆಚರಿಸುವುದು. ತಂದವರು ಹರ್ಮನ್ ಮೋಗ್ಲಿಂಗ್, ಬಾಸೆಲ್ ಮಿಷನ್‌ನ ಪಾದ್ರಿ. ಕಲ್ಲಚ್ಚಿನಲ್ಲಿ ಹದಿನೈದು ದಿನಕ್ಕೊಂದು ಸಂಚಿಕೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪತ್ರಿಕೋದ್ಯಮದ ಪಾಠ ಶುರುವಾದದ್ದು 1951ರಲ್ಲಿ. ನಡುವಿನ ನೂರಕ್ಕೂ ಹೆಚ್ಚು ವರ್ಷ ಕನ್ನಡ ಪತ್ರಿಕೆ ನಡೆಸಿದವರೆಲ್ಲ ಯಾವ ಡಿಗ್ರಿ ತೋರಿಸಿದರು? ಡಿವಿಜಿ ಮೆಟ್ರಿಕ್ ಕೂಡ ಪಾಸಾಗಿರಲಿಲ್ಲ. ಲಂಕೇಶ್ 1980ರಲ್ಲಿ ಪತ್ರಿಕೆ ತೆಗೆದಾಗ ಅದಕ್ಕೆ ಮುಂಚೆ ಅವರು ಇಂಗ್ಲಿಷ್ ಮೇಷ್ಟ್ರು.

ದೊಡ್ಡವರ ಮಾತು ಬಿಡಿ. ನನ್ನ ಡೆಸ್ಕಿಗೆ ತಾಲ್ಲೂಕುಗಳಿಂದ ಸುದ್ದಿ ಕಳಿಸುತ್ತಿದ್ದ ಬಿಡಿ ವರದಿಗಾರರ ಬಗ್ಗೆ ಹೇಳುತ್ತೇನೆ. ಒಬ್ಬರು ಪ್ರೈಮರಿ ಶಾಲೆ ಮೇಷ್ಟ್ರು, ಒಬ್ಬರು ಎಲ್‌ಐಸಿ ಏಜೆಂಟ್, ಒಬ್ಬರದು ಗೊಬ್ಬರದ ಅಂಗಡಿ. ಅವರಿಗೆ ಹಣ ಕೊಡುತ್ತಿದ್ದದ್ದು ಕಾಲಂ ಇಂಚಿನ ಲೆಕ್ಕದಲ್ಲಿ, ಅಚ್ಚಾದ ಸುದ್ದಿ ಎಷ್ಟು ಉದ್ದವೋ ಅಷ್ಟಕ್ಕೆ. ಬಸ್ಸಿನ ಕಂಡಕ್ಟರ್ ಕೈಲಿ ಕವರ್ ಕೊಟ್ಟು ಕಳಿಸುತ್ತಿದ್ದರು. ಗೊಬ್ಬರದ ಅಂಗಡಿಯವರು ಬರೆದ ಬರಗಾಲದ ವರದಿಯಲ್ಲಿ ಪ್ರತಿ ಊರಿನ ಬಾವಿಯ ಆಳ ಇರುತ್ತಿತ್ತು. ಪತ್ರಿಕೋದ್ಯಮದಲ್ಲಿ ಎಂ.ಎ. ಮಾಡಿ ಬಂದ ಹುಡುಗರಿಗೆ ನಾನು ಅದನ್ನು ಓದಿಸುತ್ತಿದ್ದೆ.

ಡಿಗ್ರಿ ಕಡ್ಡಾಯ ಮಾಡಬೇಕು ಅನ್ನುವ ಮಾತು ಹೊಸದಲ್ಲ. 2013ರಲ್ಲಿ ಪ್ರೆಸ್ ಕೌನ್ಸಿಲ್ ಅಧ್ಯಕ್ಷರಾಗಿದ್ದ ಮಾರ್ಕಂಡೇಯ ಕಾಟ್ಜು ಪತ್ರಕರ್ತರಿಗೆ ಕನಿಷ್ಠ ವಿದ್ಯಾರ್ಹತೆ ಏನಿರಬೇಕು ಅಂತ ನೋಡಲು ಸಮಿತಿ ಮಾಡಿದರು. ಅದೇ ವರ್ಷ ಕೇಂದ್ರ ಸಚಿವ ಮನೀಶ್ ತಿವಾರಿ ಪತ್ರಕರ್ತರಿಗೊಂದು ಪರೀಕ್ಷೆ, ಪಾಸಾದರೆ ಲೈಸೆನ್ಸ್ ಅಂದರು. ಎರಡೂ ಕಾನೂನಾಗಲಿಲ್ಲ. ಆಗದೇ ಇದ್ದದ್ದು ಒಳ್ಳೆಯದೇ. ಲೈಸೆನ್ಸ್ ಕೊಡುವ ಕೈಗೆ ಅದನ್ನು ಕಿತ್ತುಕೊಳ್ಳುವ ಅಧಿಕಾರವೂ ಇರುತ್ತದೆ.

ಆದರೆ ಒಂದು ಮಾತು. ಕಲಿಯಲೇಬೇಕಾದ್ದು ಇದೆ. ಅತ್ಯಾಚಾರಕ್ಕೆ ಒಳಗಾದವರ ಹೆಸರು, ಗುರುತು ಹಾಕುವ ಹಾಗಿಲ್ಲ. ಮಕ್ಕಳ ಮೇಲಿನ ದೌರ್ಜನ್ಯದ ಸುದ್ದಿಯಲ್ಲಿ ಶಾಲೆಯ ಹೆಸರು ಹಾಕಿದರೂ ಗುರುತು ಬಿಟ್ಟುಕೊಟ್ಟಂತೆ. ಆರೋಪಿ ಬೇರೆ, ಅಪರಾಧಿ ಬೇರೆ. ಯಾರ ಮೇಲೆ ಬರೆಯುತ್ತೀರೋ ಅವರ ಮಾತನ್ನು ಅಚ್ಚಿಗೆ ಹೋಗುವ ಮುಂಚೆ ಕೇಳಬೇಕು, ಆಮೇಲೆ ಅಲ್ಲ. ಇದನ್ನೆಲ್ಲ ನಮಗೆ ಡೆಸ್ಕ್‌ನಲ್ಲಿ ಬೈದು ಕಲಿಸಿದರು. ಒಬ್ಬರೇ ಕೂತು ಬರೆಯುವವರಿಗೆ ಬೈಯುವವರು ಇರುವುದಿಲ್ಲ. ನಿಮಗೆ ಕೊರತೆ ಇದ್ದರೆ ಅದೊಂದೇ.

ಆ 6,000ದ ಕಾರ್ಡ್ ಮಾತ್ರ ತಗೋಬೇಡಿ. ಅವರು ಆಮೇಲೆ ಜಾಹೀರಾತು ತನ್ನಿ ಅನ್ನುತ್ತಾರೆ. ಯಾರ ಘಟಕ ಕೆಟ್ಟಿದೆ ಅಂತ ಬರೆಯುತ್ತೀರೋ ಅವರ ಹತ್ತಿರವೇ ಹೋಗಿ ಕೈ ಚಾಚಬೇಕಾಗುತ್ತದೆ.

ಬೇಕರಿ ಅಂಗಡಿ:

ಹಿರಿಯರು ಹೇಳಿದ್ದು ಓದಿದೆ. ಗೌರವ ಇಟ್ಟುಕೊಂಡೇ ಹೇಳುತ್ತೇನೆ, ನನಗೆ ಒಪ್ಪಿಗೆ ಆಗಲಿಲ್ಲ.

ನಾನು ಬನ್ನು, ಖಾರಾ ಬಿಸ್ಕೆಟ್ ಮಾರುವವನು. ಅದಕ್ಕೇ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಬೇಕು, ಪಂಚಾಯ್ತಿ ಲೈಸೆನ್ಸ್ ಬೇಕು. ತಕ್ಕಡಿಗೂ ಮುದ್ರೆ ಹಾಕಿಸಬೇಕು. ಒಬ್ಬ ಮನುಷ್ಯನ ಮಾನ ತೆಗೆಯೋಕೆ ಮಾತ್ರ ಏನೂ ಬೇಡವಾ?

ಎರಡು ವರ್ಷದ ಹಿಂದೆ ಮೂರು ಜನ ಬಂದರು. ಕೈಯಲ್ಲಿ ಲೋಗೋ ಮೈಕು, ಮೊಬೈಲ್ ಕ್ಯಾಮೆರಾ. ನೇರ ಒಲೆ ಹತ್ತಿರ ಹೋಗಿ ಹಿಟ್ಟಿನ ಚೀಲದ ವಿಡಿಯೋ ತೆಗೆದರು. ಹುಳ ಇದೆ ಅಂದರು. ಇರಲಿಲ್ಲ. 25 ಸಾವಿರ ಕೊಟ್ಟರೆ ಹಾಕಲ್ಲ ಅಂದರು. ನಾನು ಕೈ ಕಾಲು ಹಿಡಿದು 10 ಸಾವಿರ ಕೊಟ್ಟೆ. ಆಮೇಲೂ ಹಾಕಿದರು. ಶಾಲೆಯವರು ಮಕ್ಕಳ ಹುಟ್ಟುಹಬ್ಬದ ಆರ್ಡರ್ ನಿಲ್ಲಿಸಿದರು. ನನ್ನ ಮಗ ಕಾಲೇಜಿನಲ್ಲಿ ತಲೆ ತಗ್ಗಿಸಿಕೊಂಡು ಓಡಾಡಿದ. ನಮ್ಮ ಕಡೆ ಇಂಥವರಿಗೆ ರೋಲ್‌ಕಾಲ್ ಪತ್ರಕರ್ತರು ಅಂತಾರೆ. ಇವರನ್ನು ತಡೆಯೋಕೆ ಒಂದು ಪರೀಕ್ಷೆ, ಒಂದು ಸರ್ಟಿಫಿಕೇಟ್ ಇರಲಿ ಅಂದರೆ ಏನು ತಪ್ಪು?

ನೀರಿನ ಲೆಕ್ಕ:

ಅಣ್ಣಾ, ನೀವು ಬರೆದದ್ದು ಎರಡು ಸಲ ಓದಿದೆ. ನಿಮ್ಮ ಮಗನ ಮಾತು ಓದಿ ಬಹಳ ಸಂಕಟ ಆಯಿತು.

ನಿಮಗೆ ಒಂದು ವಿಷಯ ಹೇಳಬೇಕು. ನಾನೂ ಒಬ್ಬರಿಗೆ ಅಂಥ ನೋವು ಕೊಟ್ಟಿದ್ದೇನೆ. ಬರೆಯಲು ಶುರು ಮಾಡಿದ ಎರಡನೇ ವರ್ಷ. ಒಂದು ಊರಿನ ಘಟಕದ ನೀರಿನಲ್ಲೇ ಫ್ಲೋರೈಡ್ ಜಾಸ್ತಿ ಬಂತು. ಮಧ್ಯಾಹ್ನವೇ ಹಾಕಿಬಿಟ್ಟೆ. ಸಾಯಂಕಾಲ ಊರಿನವರು ಘಟಕ ನೋಡಿಕೊಳ್ಳುವ ಅಜ್ಜನ ಮೇಲೆ ಕೂಗಾಡಿದರು. ಆಮೇಲೆ ನೋಡಿದರೆ ನನ್ನ ಕಿಟ್‌ನ ದ್ರಾವಣದ ಅವಧಿ ಮುಗಿದು ಎರಡು ತಿಂಗಳಾಗಿತ್ತು. ಹೊಸ ಬಾಟಲಿ ತರಿಸಿ ಮತ್ತೆ ಮೂರು ಸಲ ನೋಡಿದೆ. ನೀರು ಸರಿಯಾಗಿಯೇ ಇತ್ತು. ತಪ್ಪು ನನ್ನದು ಅಂತ ಆ ಬರಹದ ತಲೆಮೇಲೆಯೇ ಬರೆದೆ, ಹಳೆಯದನ್ನು ಅಳಿಸದೆ. ಅಜ್ಜನ ಮನೆಗೆ ಹೋದೆ. ಅವರು ಬೈಯಲಿಲ್ಲ. "ನಾನು ದಿನಾ ಫಿಲ್ಟರ್ ತೊಳೀತೀನಮ್ಮ" ಅಂದರು, ಅಷ್ಟೇ. ಅದಾದ ಮೇಲೆ ಬಾಟಲಿಯ ತಾರೀಕನ್ನೂ ಫೋಟೋದಲ್ಲಿ ಕಾಣುವ ಹಾಗೆ ಇಡುತ್ತೇನೆ. ಘಟಕ ಕೆಟ್ಟಿದೆ ಅಂತ ಬರೆಯುವುದಾದರೆ ಎರಡು ಬೇರೆ ದಿನ ನೋಡದೆ ಬರೆಯುವುದಿಲ್ಲ.

ನಿಮ್ಮ ಹತ್ತಿರ ಒಂದು ಕೇಳಲಾ? ಆ ಮೂರು ಜನರ ಕೊರಳಲ್ಲಿ ಕಾರ್ಡ್ ಇತ್ತಾ?

ಬೇಕರಿ ಅಂಗಡಿ:

ಇತ್ತು ತಂಗಿ. ಲ್ಯಾಮಿನೇಷನ್ ಮಾಡಿಸಿದ್ದು. ಕಾರಿನ ಮುಂದೆ ಪ್ರೆಸ್ ಅಂತ ಕೆಂಪಕ್ಷರದಲ್ಲಿ ಸ್ಟಿಕ್ಕರ್ ಇತ್ತು. ಅದನ್ನು ನೋಡಿಯೇ ನಾನು ಹೆದರಿದ್ದು.

ಸನ್ನದು:

ನಾನು ಜಿಲ್ಲಾ ಕೋರ್ಟಿನಲ್ಲಿ ವಕೀಲ. ಇಬ್ಬರ ಮಾತಿಗೂ ಕಾನೂನಿನಲ್ಲಿ ಉತ್ತರ ಇದೆ.

ನಾನು ಕೋರ್ಟಲ್ಲಿ ವಾದ ಮಾಡಬೇಕಾದರೆ ಸನ್ನದು, ಅಂದರೆ ವಕೀಲಿಕೆಯ ಪರವಾನಗಿ, ಬೇಕು. 1961ರ ವಕೀಲರ ಕಾಯ್ದೆ ಹಾಗೆ ಹೇಳುತ್ತದೆ. ಡಾಕ್ಟರಿಗೂ ನೋಂದಣಿ ಬೇಕು. ಪತ್ರಕರ್ತರಿಗೆ ಅಂಥ ಕಾಯ್ದೆ ನಮ್ಮ ದೇಶದಲ್ಲಿ ಇಲ್ಲ. ಮರೆತು ಬಿಟ್ಟದ್ದಲ್ಲ. ಸಂವಿಧಾನ ಸಭೆಯಲ್ಲಿ ಪತ್ರಿಕಾ ಸ್ವಾತಂತ್ರ್ಯವನ್ನು ಬೇರೆಯಾಗಿ ಬರೆಯಿರಿ ಅಂತ ಕೆಲವರು ಕೇಳಿದ್ದರು. ಅಂಬೇಡ್ಕರ್ ಅದಕ್ಕೆ ಕೊಟ್ಟ ಉತ್ತರದ ಸಾರ ಇಷ್ಟು: ಪತ್ರಿಕೆ ಅಂದರೆ ನಾಗರಿಕನೇ, ನಾಗರಿಕನಿಗೆ ಇಲ್ಲದ ವಿಶೇಷ ಹಕ್ಕು ಅದಕ್ಕಿಲ್ಲ. ಹಾಗಾಗಿ ದೊಡ್ಡ ಪತ್ರಿಕೆಯ ಸಂಪಾದಕರು ಬರೆಯುವುದೂ ಜೆರಾಕ್ಸ್ ಅಂಗಡಿಯ ನೀವು ಬರೆಯುವುದೂ ಸಂವಿಧಾನದ ಅದೇ 19(1)(ಎ) ವಿಧಿಯ, ಅಂದರೆ ವಾಕ್ ಸ್ವಾತಂತ್ರ್ಯದ, ಬಲದಿಂದ.

ಕಾರ್ಯನಿರತ ಪತ್ರಕರ್ತ ಅಂದರೆ ಯಾರು ಅಂತ 1955ರ ಕಾಯ್ದೆ ಹೇಳಿತ್ತು. ಮುಖ್ಯ ಕಸುಬು ಪತ್ರಿಕೋದ್ಯಮ ಆಗಿರಬೇಕು, ಪತ್ರಿಕಾ ಸಂಸ್ಥೆಯಲ್ಲಿ ಕೆಲಸದಲ್ಲಿರಬೇಕು. ಅದರಲ್ಲೂ ಡಿಗ್ರಿಯ ಮಾತಿರಲಿಲ್ಲ, ಅದು ಸಂಬಳ ಮತ್ತು ರಜೆಯ ಕಾಯ್ದೆ. 2020ರ ಕಾರ್ಮಿಕ ಸಂಹಿತೆಯಲ್ಲಿ ಈ ಅರ್ಥಕ್ಕೆ ಡಿಜಿಟಲ್ ಮಾಧ್ಯಮದಲ್ಲಿ ಕೆಲಸ ಮಾಡುವವರನ್ನೂ ಸೇರಿಸಿದ್ದಾರೆ. ಇದರ ಪ್ರಕಾರ ಮೇಡಂ, ನೀವು ಕಾರ್ಯನಿರತ ಪತ್ರಕರ್ತೆ ಅಲ್ಲ, ಯಾಕೆಂದರೆ ನಿಮಗೆ ಸಂಬಳ ಕೊಡುವವರಿಲ್ಲ. ಅಷ್ಟು ಮಾತ್ರ.

ಇನ್ನು ಸರ್ಕಾರದ ಮಾನ್ಯತೆ ಕಾರ್ಡ್. ಅದು ಆಫೀಸಿನ ಒಳಗೆ ಬಿಡುವ ಪಾಸ್ ಇದ್ದ ಹಾಗೆ. ಕೇಂದ್ರ ಸರ್ಕಾರದ ಪತ್ರಿಕಾ ಮಾಹಿತಿ ಕಚೇರಿ (ಪಿಐಬಿ) ಕೊಡುವ ಕಾರ್ಡಿಗೆ 2022ರ ಮಾರ್ಗಸೂಚಿ ಪ್ರಕಾರ ಪೂರ್ಣಾವಧಿ ಪತ್ರಕರ್ತರಾಗಿ ಕನಿಷ್ಠ 5 ವರ್ಷ ಇರಬೇಕು. ಹಾಲ್ ಸಣ್ಣದಿದ್ದರೆ ಯಾರನ್ನು ಒಳಗೆ ಬಿಡಬೇಕು ಅಂತ ಅವರಿಗೆ ಒಂದು ಪಟ್ಟಿ ಬೇಕಾಗುತ್ತದೆ, ಅದನ್ನು ನಾನು ಒಪ್ಪುತ್ತೇನೆ. ಆ ಪಟ್ಟಿಯಲ್ಲಿ ಇಲ್ಲದವರು ಬರೆಯಬಾರದು ಅನ್ನುವುದನ್ನು ಮಾತ್ರ ಒಪ್ಪುವುದಿಲ್ಲ.

ಬೇಕರಿಯವರೇ, ನಿಮಗಾದದ್ದಕ್ಕೆ ಹೆಸರು ಸುಲಿಗೆ. ಈಗಿನ ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್) 308ನೇ ಕಲಂ, 2024ರ ಜುಲೈ 1ಕ್ಕೆ ಮುಂಚೆ ಆದದ್ದಾದರೆ ಹಳೇ ಐಪಿಸಿಯ 384. ಕೊರಳಲ್ಲಿ ಕಾರ್ಡ್ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಸುಳ್ಳು ವಿಡಿಯೋಕ್ಕೆ ಬಿಎನ್‌ಎಸ್ 356, ಹಳೇ ಐಪಿಸಿಯಲ್ಲಿ 499 ಮತ್ತು 500, ಮಾನನಷ್ಟ. ಮಾನನಷ್ಟದ ಕಲಂ ನಿಮಗೂ ಇದೆ ಮೇಡಂ. ಬರೆದದ್ದು ನಿಜವಾಗಿರಬೇಕು, ಜನರ ಹಿತಕ್ಕಾಗಿರಬೇಕು. ಕೋರ್ಟಿನಲ್ಲಿ ನಿಮ್ಮನ್ನು ಕಾಯುವುದು ಆ ನೋಟ್‌ಬುಕ್. ಒದ್ದೆಯಾಗದ ಕಡೆ ಇಡಿ.

ಕೊನೆಗೆ ಒಂದು. ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಲು ಸಂಪರ್ಕಕ್ಕೆ ಬೇಕಾದ ವಿವರ ಬಿಟ್ಟರೆ ನೀವು ಏನು ಕೆಲಸ ಮಾಡುತ್ತೀರಿ, ಮಾಹಿತಿ ಯಾಕೆ ಬೇಕು ಅಂತ ಹೇಳಬೇಕಾಗಿಲ್ಲ. 6(2)ನೇ ಕಲಂ ಅದನ್ನೇ ಹೇಳುತ್ತದೆ. ನಮ್ಮ ರಾಜ್ಯದಲ್ಲಿ 150 ಪದದ ಒಳಗೆ, ಒಂದು ಅರ್ಜಿಗೆ ಒಂದೇ ವಿಷಯ. ಆ ಬಾಗಿಲಲ್ಲಿ ಕಾರ್ಡ್ ಕೇಳುವವರಿಲ್ಲ.

ಪೋರ್ಟ್‌ಲ್ಯಾಂಡ್ ಕನ್ನಡಿಗ:

ನಾನು ಅಮೆರಿಕದ ಆರೆಗನ್‌ನಲ್ಲಿದ್ದೇನೆ. ಇದೇ ಪ್ರಶ್ನೆ ಇಲ್ಲಿನ ಫೆಡರಲ್ ಕೋರ್ಟಿಗೆ ಬಂದಿತ್ತು. ಕ್ರಿಸ್ಟಲ್ ಕಾಕ್ಸ್ ಅನ್ನುವ ಬ್ಲಾಗರ್ ಒಂದು ಹಣಕಾಸು ಕಂಪನಿಯ ಮೇಲೆ ಬರೆದಿದ್ದರು. 2011ರಲ್ಲಿ ಕೋರ್ಟು, ನೀವು ಪತ್ರಿಕೋದ್ಯಮ ಓದಿಲ್ಲ, ಯಾವ ಸುದ್ದಿ ಸಂಸ್ಥೆಯ ಗುರುತೂ ಇಲ್ಲ, ಇನ್ನೊಂದು ಕಡೆಯವರನ್ನು ಕೇಳಿ ಬರೆದದ್ದಕ್ಕೆ ಸಾಕ್ಷಿಯೂ ಇಲ್ಲ ಅಂತ ಒಂದು ಪಟ್ಟಿ ಮಾಡಿ, ಮಾಧ್ಯಮಕ್ಕೆ ಸಿಗುವ ರಕ್ಷಣೆ ಕೊಡಲಿಲ್ಲ. ಜ್ಯೂರಿ 25 ಲಕ್ಷ ಡಾಲರ್ ಪರಿಹಾರ ಕಟ್ಟಿ ಅಂದಿತು. 2014ರ ಜನವರಿಯಲ್ಲಿ ಮೇಲಿನ ಕೋರ್ಟು ಅದನ್ನು ತಳ್ಳಿಹಾಕಿತು. ಈ ರಕ್ಷಣೆ ತರಬೇತಿ ಪಡೆದ ಪತ್ರಕರ್ತರಿಗೆ ಮಾತ್ರ ಅಂತೇನಿಲ್ಲ ಎಂದಿತು. ಆಕೆ ಬರೆದದ್ದೆಲ್ಲ ಸರಿ ಅಂತ ಮಾತ್ರ ಹೇಳಲಿಲ್ಲ, ಮತ್ತೆ ವಿಚಾರಣೆ ಆಗಲಿ ಎಂದಿತು.

ಮೊದಲ ಕೋರ್ಟಿನ ಆ ಪಟ್ಟಿ ಓದಿದಾಗ ನನಗೆ ಅನಿಸಿದ್ದು, ಅದರಲ್ಲಿ ಡಿಗ್ರಿ, ಗುರುತಿನ ಚೀಟಿ ತೆಗೆದುಹಾಕಿ. ಉಳಿದದ್ದನ್ನು ನೀರಿನ ಲೆಕ್ಕ ಅವರು ಆಗಲೇ ಮಾಡುತ್ತಿದ್ದಾರೆ ಅಲ್ವಾ?

ಬೇಕರಿ ಅಂಗಡಿ:

ವಕೀಲರೇ, ಎರಡು ವರ್ಷ ಆಯಿತು, ಈಗ ದೂರು ಕೊಡಬಹುದಾ?

ಸನ್ನದು:

ಕೊಡಬಹುದು. ಮಾನನಷ್ಟಕ್ಕೆ ಮೂರು ವರ್ಷದ ಮಿತಿ ಇದೆ, ಸುಲಿಗೆಗೂ ಅದೇ ಲೆಕ್ಕ ಹಿಡಿದುಕೊಂಡು ಬೇಗ ಕೊಡಿ. ಆ ವಿಡಿಯೋ ಇನ್ನೂ ಇದ್ದರೆ ಇಳಿಸಿಟ್ಟುಕೊಳ್ಳಿ. ಹಣ ಹೇಗೆ ಕೊಟ್ಟಿರಿ? ಫೋನ್‌ಪೇ ಆಗಿದ್ದರೆ ಅದರ ದಾಖಲೆ ಬೇಕು. ನನಗೆ ಬೇರೆಯಾಗಿ ಬರೆಯಿರಿ.

ನೀರಿನ ಲೆಕ್ಕ:

ಒಂದೂವರೆ ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ತಡವಾಯಿತು, ಕ್ಷಮಿಸಿ.

ಕಾರ್ಡ್ ತೆಗೆದುಕೊಳ್ಳಲಿಲ್ಲ. ಆ ವಾರಪತ್ರಿಕೆಯವರಿಗೆ ಬೇಡ ಅಂತ ಹೇಳಿದೆ. ಎಂ.ಎ.ಗೆ ಮುಂದಿನ ವರ್ಷ ಸೇರುತ್ತೇನೆ, ಕಲಿಯುವ ಆಸೆಗೆ.

10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಆರ್‌ಟಿಐ ಅರ್ಜಿ ಹಾಕಿದೆ. ನಾಲ್ಕು ವರ್ಷದಿಂದ ಊರಿನವರಿಗೆಲ್ಲ ಅರ್ಜಿ ಟೈಪ್ ಮಾಡಿಕೊಟ್ಟವಳು ನನಗಾಗಿ ಹಾಕಿದ್ದು ಇದೇ ಮೊದಲು. 23 ಘಟಕಗಳ ಒಂದು ವರ್ಷದ ನಿರ್ವಹಣೆ ಬಿಲ್ಲುಗಳ ಪ್ರತಿ ಕೊಡಿ, ಅಷ್ಟೇ ಕೇಳಿದೆ. 27ನೇ ದಿನ ಉತ್ತರ ಬಂತು. 14 ಪುಟ, ಪುಟಕ್ಕೆ 2 ರೂಪಾಯಿ, 28 ರೂಪಾಯಿ ಕಟ್ಟಿ ತಂದೆ. ಕೆಟ್ಟು ನಿಂತ ಎಂಟರಲ್ಲಿ ಆರಕ್ಕೆ ತಿಂಗಳು ತಿಂಗಳೂ ಬಿಲ್ ಆಗಿದೆ. ಬೀಗ ಹಾಕಿದ್ದ ತಿಂಗಳಲ್ಲೂ ಫಿಲ್ಟರ್ ಬದಲಾಯಿಸಿದ್ದೇವೆ ಅಂತ ಇದೆ. ಅಂಗಡಿಯಲ್ಲಿ ಕೂತು ಬಿಲ್ಲಿನ ತಾರೀಕು ಒಂದು ಕಡೆ, ನನ್ನ ನೋಟ್‌ಬುಕ್‌ನ ತಾರೀಕು ಒಂದು ಕಡೆ ಇಟ್ಟು ನೋಡಿದಾಗ ಕೈ ನಡುಗಿತು. ಸಿಟ್ಟಿಗೋ ಭಯಕ್ಕೋ ಗೊತ್ತಾಗಲಿಲ್ಲ.

ಇನ್ನೂ ಬ್ಲಾಗಿಗೆ ಹಾಕಿಲ್ಲ. ಗುತ್ತಿಗೆದಾರರಿಗೆ ಫೋನ್ ಮಾಡಿದೆ. ಎರಡು ಕಡೆ ಮೋಟಾರ್ ಸುಟ್ಟಿತ್ತು, ಸರಿ ಮಾಡಿಸಿದ್ದೇವೆ ಅಂದರು. ಉಳಿದ ನಾಲ್ಕರ ಬಗ್ಗೆ ಸೋಮವಾರ ಹೇಳುತ್ತೇನೆ ಅಂದಿದ್ದಾರೆ. ಅಧಿಕಾರಿಗಳಿಗೂ ಆರು ಪ್ರಶ್ನೆ ಬರೆದು ಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊಂಡು ಬಂದೆ. ಮೋಟಾರ್ ಸರಿಯಾಗಿದೆ ಅಂದ ಎರಡು ಊರಿಗೆ ನಿನ್ನೆ ಹೋಗಿದ್ದೆ. ಒಂದರಲ್ಲಿ ನೀರು ಬರುತ್ತಿದೆ. ಮೋಟಾರ್ ಸರಿ ಮಾಡಿದ್ದು ನಿಜ ಅಂತ ಅದನ್ನೂ ಬರೆಯುತ್ತೇನೆ. ಇನ್ನೊಂದರಲ್ಲಿ ಬೀಗದ ಮೇಲೆ ಜೇಡ ಬಲೆ ಕಟ್ಟಿದೆ.

ಹಳೇ ಡೆಸ್ಕ್ ಸರ್, ಬೈಯುವವರಿಲ್ಲ ಅಂದಿರಲ್ಲ. ಬರೆದು ಮುಗಿಸಿದ ಮೇಲೆ, ಹಾಕುವ ಮುಂಚೆ, ನಿಮಗೆ ಕಳಿಸಲಾ?

ಹಳೇ ಡೆಸ್ಕ್:

ಕಳಿಸಮ್ಮ. ಸೋಮವಾರ ಅವರು ಏನು ಹೇಳುತ್ತಾರೋ ಅದು ಬಂದ ಮೇಲೆ ಕಳಿಸಿ. ಬಿಲ್ಲಿನ 14 ಪುಟವೂ ಜೊತೆಗಿರಲಿ. ನಡುಗಿದ ಕೈಯ ವಿಷಯ ವರದಿಯಲ್ಲಿ ಬೇಡ. ಜೇಡರ ಬಲೆ ಇರಲಿ, ಅದರ ಫೋಟೋ ತೆಗೆದಿದ್ದೀರಾ?